ಚಪ್ಪಾಳೆಯ ಸದ್ದಿನಿಂದ ಶಿಲುಬೆಹಾದಿಗೆ

ಪಾಶ್ಚಾತ್ಯ ಸಂಗೀತ ಬಲ್ಲವರಿಗೆ ಫ್ರಾನ್ಸ್ ಲಿಸ್ಟ್ ಎಂಬ ಹೆಸರು ಹೊಸದಲ್ಲ. 1811ರ ಅಕ್ಟೋಬರ್ 22ರಂದು ಅಂದಿನ ಹಂಗೇರಿ ರಾಜ್ಯದ ರೈಡಿಂಗ್ ಎಂಬ ಹಳ್ಳಿಯ ಕಥೋಲಿಕ ಕುಟುಂಬದಲ್ಲಿ ಅವರು ಜನಿಸಿದರು. ತಂದೆ ಆದಾಂ ಯೌವನದಲ್ಲಿ ಕೆಲಕಾಲ ಫ್ರಾನ್ಸಿಸ್ಕನ್ ಮಠದಲ್ಲಿದ್ದವರು. ಮಗನಿಗೂ ಹದಿಹರೆಯದಲ್ಲೇ ಗುರುವಾಗುವ ಹಂಬಲ ಹುಟ್ಟಿತು, ತಂದೆ ಒಪ್ಪಲಿಲ್ಲ. 1827ರಲ್ಲಿ ತಂದೆ ತೀರಿಕೊಂಡಾಗ, ಹದಿನೈದು ವರ್ಷದ ಹುಡುಗ ಪ್ಯಾರಿಸಿನಲ್ಲಿ ಪಿಯಾನೋ ಪಾಠ ಹೇಳಿ ತಾಯಿಯನ್ನು ಸಾಕಬೇಕಾಯಿತು.

ಮುಂದೆ ಯೂರೋಪೇ ಅವರಿಗೆ ಮರುಳಾಯಿತು. 1841ರ ಡಿಸೆಂಬರಿನಲ್ಲಿ ಬರ್ಲಿನ್ ನಗರಕ್ಕೆ ಬಂದ ಲಿಸ್ಟ್, ಸುಮಾರು ಹತ್ತು ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಛೇರಿ ನಡೆಸಿದರು. ಕೇಳುಗರು ಅತ್ತರು, ಕೂಗಿದರು. ಅವರ ಕೈಗವಸು, ಕರವಸ್ತ್ರಗಳಿಗಾಗಿ ಕಿತ್ತಾಡಿದರು. ತುಂಡಾದ ಪಿಯಾನೋ ತಂತಿಯನ್ನೂ ಆಭರಣದಂತೆ ಧರಿಸಿದರು. ಈ ಹುಚ್ಚಿಗೆ ಕವಿ ಹೈನೆ 1844ರಲ್ಲಿ ಲಿಸ್ಟೋಮೇನಿಯಾ ಎಂದು ಹೆಸರಿಟ್ಟರು.

ಆದರೆ 1847ರಲ್ಲಿ, ಇನ್ನೂ ಮೂವತ್ತೈದರ ಪ್ರಾಯದಲ್ಲಿ, ಕೀರ್ತಿಯ ತುತ್ತತುದಿಯಲ್ಲಿದ್ದಾಗಲೇ ಲಿಸ್ಟ್ ಹಣಕ್ಕಾಗಿ ಕಛೇರಿ ಕೊಡುವುದನ್ನು ನಿಲ್ಲಿಸಿಬಿಟ್ಟರು. ವೈಮರ್ ನಗರದಲ್ಲಿ ನೆಲೆಸಿ ಸಂಗೀತ ರಚಿಸಿದರು. ಶಿಷ್ಯರಿಗೆ ಉಚಿತವಾಗಿ ಕಲಿಸಿದರು. ಅವರ ಬಾಳು ಕಳಂಕವಿಲ್ಲದ್ದೆಂದು ಹೇಳಲಾಗದು. ವಿವಾಹಬಂಧನದ ಹೊರಗೆ ಅವರಿಗೆ ಮೂವರು ಮಕ್ಕಳಿದ್ದರು. ದುಃಖವೂ ತಪ್ಪಲಿಲ್ಲ. ಮಗ ದಾನಿಯೇಲ್ 1859ರಲ್ಲಿ, ಮಗಳು ಬ್ಲಾಂದಿನ್ 1862ರಲ್ಲಿ ತೀರಿಕೊಂಡರು. ಮರುವರ್ಷ ಲಿಸ್ಟ್ ರೋಮಿನ ಹೊರವಲಯದ ಜಪಮಾಲೆ ಮಾತೆಯ ಮಠದ ಚಿಕ್ಕ ಕೋಣೆಯೊಂದನ್ನು ಸೇರಿದರು. ಜಗದ್ಗುರು ಒಂಬತ್ತನೇ ಪಯಸ್ ಅವರೇ ಅಲ್ಲಿಗೆ ಬಂದು ಅವರ ವಾದನ ಕೇಳಿದರು. 1865ರಲ್ಲಿ ಲಿಸ್ಟ್ ಕಿರಿಯ ದೀಕ್ಷೆಗಳನ್ನು ಪಡೆದರು. ಗುರುವಾಗಲಿಲ್ಲ, ಬಲಿಪೂಜೆ ಅರ್ಪಿಸುವ ಅಧಿಕಾರ ಸಿಗಲಿಲ್ಲ. ಆದರೂ ಕೊನೆಯವರೆಗೆ ಕಪ್ಪು ನಿಲುವಂಗಿಯನ್ನೇ ಧರಿಸಿದರು.

1879ರಲ್ಲಿ ಅವರು ಶಿಲುಬೆಹಾದಿಯ ಹದಿನಾಲ್ಕು ಸ್ಥಳಗಳಿಗೆ ಸಂಗೀತ ರಚಿಸಿ ಮುಗಿಸಿದರು. ಅದರಲ್ಲಿ ಬೆರಳ ಚಮತ್ಕಾರವಿಲ್ಲ, ಮೌನವೇ ಹೆಚ್ಚು. 1886ರ ಜುಲೈ 31ರಂದು ಬೈರಾಯ್ಟ್ ನಗರದಲ್ಲಿ ಅವರು ಕಣ್ಮುಚ್ಚುವವರೆಗೂ ಅದನ್ನು ಯಾರೂ ಸಭೆಯಲ್ಲಿ ಹಾಡಲಿಲ್ಲ. ಕರವಸ್ತ್ರಕ್ಕೆ ಮುಗಿಬಿದ್ದ ಜನರಿಗೆ ಪ್ರಭುವಿನ ಶಿಲುಬೆಯ ಹಾಡು ಬೇಕಾಗಿರಲಿಲ್ಲ.

ಪ್ರಿಯ ಓದುಗರೇ, ಬರ್ಲಿನ್ನಿನ ಆ ಜನರನ್ನು ನೋಡಿ ನಗುವುದು ಸುಲಭ. ಆದರೆ ಅವರು ಅರೆಮನಸ್ಸಿನಿಂದ ಬಂದವರಲ್ಲ. ಕಣ್ಣು, ಕಿವಿ, ಹೃದಯ ಎಲ್ಲವನ್ನೂ ಕೊಟ್ಟು ಕೇಳಿದವರು. ಅವರ ತಪ್ಪು ಉತ್ಸಾಹದ್ದಲ್ಲ. ಅದು ಮನುಷ್ಯನಲ್ಲೇ ನಿಂತುಬಿಟ್ಟದ್ದು. ನಮ್ಮ ತಪ್ಪು ಬಹುಶಃ ಇದಕ್ಕೆ ತದ್ವಿರುದ್ಧ. ಜೀವಂತ ಪ್ರಭುವೇ ಪೀಠದ ಮೇಲೆ ಇಳಿದು ಬರುವಾಗ ನಾವು ಗಡಿಯಾರ ನೋಡುತ್ತೇವೆ. ಹಾಡುವ ಕೆಲಸವನ್ನು ಗಾನವೃಂದಕ್ಕೆ ಬಿಟ್ಟು ತುಟಿ ಬಿಗಿದು ನಿಲ್ಲುತ್ತೇವೆ. ಪೂಜೆಯಲ್ಲಿ ವಿಶ್ವಾಸಿಗಳೆಲ್ಲರೂ ಅರಿತು, ಮನಸಾರೆ ಪಾಲ್ಗೊಳ್ಳಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಬೋಧಿಸಿತು.

ಬರುವ ಭಾನುವಾರ ಹತ್ತು ನಿಮಿಷ ಮುಂಚಿತವಾಗಿ ದೇವಾಲಯಕ್ಕೆ ಹೋಗೋಣ. ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸೋಣ. ಕಂಠ ಚೆನ್ನಾಗಿಲ್ಲವೆಂಬ ನೆಪ ಬಿಟ್ಟು ಬಾಯಿ ತೆರೆದು ಹಾಡೋಣ. ಕೇಳುವವನು ಕಂಠವನ್ನಲ್ಲ, ಹೃದಯವನ್ನು ನೋಡುತ್ತಾನೆ.