ಪಂಡಿತಾ ರಮಾಬಾಯಿಯವರು

ಊರಿನ ಹಾಗೂ ದೇಶದ ಕಾರ್ಯಗಳನ್ನು ಹಿರಿಯರು ನಿರ್ಣಯಿಸತಕ್ಕದ್ದು, ಕಿರಿಯರು ಅದರಂತೆ ನಡೆಯತಕ್ಕದ್ದು ಎಂಬುದು ಬಹುಕಾಲದ ರೂಢಿ. ಆದರೆ ಆ ನಿರ್ಣಯಗಳ ಫಲವನ್ನು ಹೆಚ್ಚು ಕಾಲ ಅನುಭವಿಸುವವರು ಕಿರಿಯರೇ ಆದುದರಿಂದ ಅವರ ಮಾತನ್ನೂ ಕೇಳುವುದು ನ್ಯಾಯ. ಹೀಗೆ ಕೇಳಿದ್ದರಿಂದ ಎಷ್ಟು ಪ್ರಯೋಜನವಾಗುವುದೆಂಬುದಕ್ಕೆ ನಮ್ಮ ಕನ್ನಡ ನಾಡಿನ ಘಟ್ಟದಲ್ಲಿಯೇ ಹುಟ್ಟಿದ ಪಂಡಿತಾ ರಮಾಬಾಯಿಯವರ ಚರಿತ್ರೆಯು ಸಾಕ್ಷಿಯಾಗಿದೆ.

ಇವರು 1858ನೆಯ ಇಸವಿ ಏಪ್ರಿಲ್ 23ರಂದು ಗಂಗಾಮೂಲದ ಅರಣ್ಯದಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳದವರು. ಸ್ತ್ರೀಯರಿಗೆ ಸಂಸ್ಕೃತವು ಸಲ್ಲದೆಂಬ ಆಗಿನ ಕಟ್ಟಳೆಯನ್ನು ಮೀರಿ ಅವರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರಿಗೆ ಅದನ್ನು ಕಲಿಸಿ, ಜನರ ವಿರೋಧಕ್ಕೆ ಗುರಿಯಾಗಿ, ಕಾಡಿನಲ್ಲಿ ಮನೆಮಾಡಿದ್ದರು. ಮುಂದೆ ಆ ತಾಯಿಯೇ ಮಗಳಿಗೆ ಗುರುವಾದರು. ಕುಟುಂಬವು ಪುರಾಣ ಹೇಳುತ್ತಾ ದೇಶಸಂಚಾರ ಮಾಡುತ್ತಿದ್ದಾಗ ಕ್ಷಾಮವು ಬಂದು ತಂದೆತಾಯಿಗಳೂ ಅಕ್ಕನೂ ಮೃತರಾದರು. ಉಳಿದ ಅಣ್ಣತಂಗಿಯರು ಕಾಲ್ನಡೆಯಾಗಿ ಅಲೆದು 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಇಪ್ಪತ್ತು ವಯಸ್ಸಿನ ಈ ಕನ್ಯೆಯ ಪಾಂಡಿತ್ಯಕ್ಕೆ ಬೆರಗಾದ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನು ತೀರಿಹೋದನು. ಅದೇ ವರ್ಷ ವಿವಾಹವಾಗಿ, 1882ರಲ್ಲಿ ಪತಿಯನ್ನೂ ಕಳೆದುಕೊಂಡು, ಎಳೆಯ ಮಗಳಾದ ಮನೋರಮೆಯೊಡನೆ ರಮಾಬಾಯಿಯವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು.

ಅದೇ ವರ್ಷ ಸರ್ಕಾರವು ವಿಲಿಯಂ ಹಂಟರ್ ಅವರ ಅಧ್ಯಕ್ಷತೆಯಲ್ಲಿ ವಿದ್ಯಾಭ್ಯಾಸದ ಕಮಿಷನ್ನನ್ನು ನೇಮಿಸಿತ್ತು. ಆಗ ಸ್ತ್ರೀಯರಿಗೆ ಮತವೂ ಇರಲಿಲ್ಲ, ಸಭೆಗಳಲ್ಲಿ ಸ್ಥಾನವೂ ಇರಲಿಲ್ಲ. ಆದರೂ ಹುಡುಗಿಯರ ವಿದ್ಯೆಯ ವಿಷಯದಲ್ಲಿ ಸಾಕ್ಷ್ಯ ಹೇಳುವಂತೆ ಕಮಿಷನ್ನು ಪುಣೆಯಲ್ಲಿ ಈ 24 ವರ್ಷದ ವಿಧವೆಯನ್ನು ಕರೆಯಿತು. ರಮಾಬಾಯಿಯವರು ಮರಾಠಿಯಲ್ಲಿ, ತಾವು ಊರೂರುಗಳಲ್ಲಿ ಕಂಡುದನ್ನೇ ಆಧಾರವಾಗಿಟ್ಟುಕೊಂಡು ಉತ್ತರಕೊಟ್ಟರು. ಹೆಣ್ಣುಮಕ್ಕಳ ಶಾಲೆಗಳಿಗೆ ತರಬೇತಾದ ಉಪಾಧ್ಯಾಯಿನಿಯರು ಬೇಕು; ಅವರಿಗೆ ಯೋಗ್ಯವಾದ ಸಂಬಳವೂ ವಸತಿಯೂ ಇರಬೇಕು; ಶಾಲೆಗಳ ತನಿಖೆಗೆ 30 ವರ್ಷಕ್ಕೆ ಕಡಿಮೆಯಿಲ್ಲದ ಸುಶಿಕ್ಷಿತ ಸ್ತ್ರೀಯರನ್ನು ನೇಮಿಸಬೇಕು ಎಂದು ಸೂಚಿಸಿದರು. ತಾವೇ ಇನ್ನೂ ಆ ವಯಸ್ಸನ್ನು ಮುಟ್ಟದಿದ್ದುದರಿಂದ ಇದರಲ್ಲಿ ಸ್ವಾರ್ಥದ ಸೋಂಕಿರಲಿಲ್ಲ. ಪುರುಷ ವೈದ್ಯರೊಡನೆ ರೋಗವನ್ನು ಹೇಳಿಕೊಳ್ಳಲಾರದೆ ಅನೇಕ ಸ್ತ್ರೀಯರು ಸಾಯುತ್ತಾರಾದುದರಿಂದ ಸ್ತ್ರೀಯರಿಗೆ ವೈದ್ಯವಿದ್ಯೆಯನ್ನು ಕಲಿಸಬೇಕೆಂದೂ ಕೇಳಿಕೊಂಡರು.

ಹಂಟರ್ ಅವರು ಈ ಸಾಕ್ಷ್ಯವನ್ನು ಕೇಳಿ ಮರೆಯಲಿಲ್ಲ; ಇಂಗ್ಲಿಷಿಗೆ ಭಾಷಾಂತರಿಸಿ ಪ್ರತ್ಯೇಕವಾಗಿ ಅಚ್ಚುಹಾಕಿಸಿದರು. ಭಾರತದ ಸ್ತ್ರೀಯರಿಗೆ ವೈದ್ಯಸಹಾಯವನ್ನೊದಗಿಸಲು 1885ರಲ್ಲಿ ಲೇಡಿ ಡಫರಿನ್ ನಿಧಿಯು ಏರ್ಪಟ್ಟುದಕ್ಕೆ ಈ ಸಾಕ್ಷ್ಯವೂ ಒಂದು ಪ್ರೇರಣೆಯೆಂದು ಎಣಿಸುತ್ತಾರೆ.

ಅನಂತರ ರಮಾಬಾಯಿಯವರು ಇಂಗ್ಲೆಂಡಿಗೆ ಹೋಗಿ 1883ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. ಬಳಿಕ ಅಮೆರಿಕಾದಲ್ಲಿ ಸಂಚರಿಸಿ ಹಿಂತಿರುಗಿ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಆ ವರ್ಷದ ಕಾಂಗ್ರೆಸ್ ಅಧಿವೇಶನದಲ್ಲಿ ಪ್ರತಿನಿಧಿಗಳಾಗಿ ಕುಳಿತ ಕೆಲವೇ ಸ್ತ್ರೀಯರಲ್ಲಿ ಇವರೂ ಒಬ್ಬರು. ಮುಂದಿನ ಕ್ಷಾಮಗಳಲ್ಲಿ ನೂರಾರು ಅನಾಥೆಯರನ್ನು ಕರೆತಂದು ಕೇಡಗಾಂವದ ಮುಕ್ತಿ ಸದನದಲ್ಲಿ ಸಾಕಿ, ವಿದ್ಯೆಯನ್ನೂ ಕೈಗೆಲಸಗಳನ್ನೂ ಕಲಿಸಿದರು. 1912ರಲ್ಲಿ ಕನ್ನಡ ಸೀಮೆಯ ಗುಲ್ಬರ್ಗಾದಲ್ಲಿಯೂ ಅವರ ಶಾಲೆಯೊಂದು ಆರಂಭವಾಯಿತು. 1922ನೆಯ ಇಸವಿ ಏಪ್ರಿಲ್ 5ರಂದು ಅವರು ದೈವಾಧೀನರಾದರು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಪೋಷಕರೇ, ರಮಾಬಾಯಿಯವರಿಗೆ ಇಲ್ಲದಿದ್ದ ಹಕ್ಕುಗಳು ಇಂದು ನಮ್ಮ ಮಕ್ಕಳಿಗಿವೆ. 1989ರಿಂದ 18 ವರ್ಷಕ್ಕೇ ಮತದಾನದ ಹಕ್ಕು ಬಂದಿದೆ. 21 ವರ್ಷಕ್ಕೆ ಗ್ರಾಮ ಪಂಚಾಯತಿಗೆ ಸ್ಪರ್ಧಿಸಬಹುದು. ಅದಕ್ಕೂ ಚಿಕ್ಕವರಿಗಾಗಿ ನಮ್ಮ ರಾಜ್ಯದ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆಯುಂಟು. ನಮ್ಮ ಅಮ್ಮತ್ತಿಯ ಸುತ್ತಿನಲ್ಲಿ ಯಾವ ತೋಟದ ದಾರಿಯಲ್ಲಿ ಯಾವ ಹೊತ್ತಿಗೆ ಆನೆಗಳ ಭಯವಿದೆಯೆಂಬುದನ್ನು ದಿನವೂ ಶಾಲೆಗೆ ನಡೆಯುವ ಹುಡುಗಿಯಷ್ಟು ಬಲ್ಲವರಾರು? ಆಕೆಯು ಕಂಡುದನ್ನು ಅಂಜದೆ, ಉತ್ಪ್ರೇಕ್ಷೆಯಿಲ್ಲದೆ ಹೇಳಲು ಕಲಿಯಲಿ. ಇದನ್ನು ಕಲಿಸುವುದು ಶಾಲೆಯ ಕರ್ತವ್ಯ. ಕೇಳಿದ ಮಾತು ಪುಸ್ತಕದಲ್ಲಿ ಬರೆದಿಟ್ಟಲ್ಲಿಗೆ ಮುಗಿಯದೆ ಕಾರ್ಯವಾಗುವಂತೆ ನೋಡುವುದು ಹಿರಿಯರಾದ ನಮ್ಮೆಲ್ಲರ ಕರ್ತವ್ಯ. ಇವೆರಡೂ ಕೂಡಿದರೆ ಮಾತ್ರ ಆ ಮಹನೀಯಳ ಸ್ಮರಣೆಯು ಸಾರ್ಥಕವಾಗುವುದು.