ಹಾರ್ಟನ್ ಹಾಕಿದ ಷರತ್ತು

ಅಮೆರಿಕದ ಕಾಲೇಜುಗಳಲ್ಲಿ ಸೇವಾ ಸಂಘ ಕಟ್ಟುವವರಿಗೆ ಫ್ರಾಂಕ್ ರೀಡ್ ಹಾರ್ಟನ್ ಹೆಸರು ಚೆನ್ನಾಗಿ ಗೊತ್ತು. ಹೆಚ್ಚುಕಮ್ಮಿ ನಮ್ಮ ಎನ್‌ಎಸ್‌ಎಸ್ ಥರದ ಕೆಲಸ ಮಾಡುವ ‘ಆಲ್ಫಾ ಫೈ ಒಮೇಗಾ’ ಸಂಘ ಶುರು ಮಾಡಿದವರು ಇವರೇ.

1896ರಲ್ಲಿ ಹುಟ್ಟಿದ ಹಾರ್ಟನ್ ಮೊದಲ ಮಹಾಯುದ್ಧದ ಹೊತ್ತಿಗೆ ನೌಕಾಪಡೆಯಲ್ಲಿದ್ದರು. ಜಗಳ ಬಗೆಹರಿಸೋಕೆ ಯುದ್ಧಕ್ಕಿಂತ ಒಳ್ಳೆಯ ದಾರಿ ಬೇಕು ಅಂತ ಅವರಿಗೆ ಅನ್ನಿಸಿತ್ತು. ಆಮೇಲೆ ಪೆನ್ಸಿಲ್ವೇನಿಯಾದ ಲಫಾಯೆಟ್ ಕಾಲೇಜು ಸೇರಿದರು. ಅಲ್ಲಿ ಅವರು ಮೆಚ್ಚಿದ ಗೆಳೆಯರು ಸ್ಕೌಟ್ಸ್‌ನಲ್ಲಿ ಬೆಳೆದವರು. ಅಂಥವರನ್ನೇ ಸೇರಿಸಿ 1925ರ ಡಿಸೆಂಬರ್ 16ರಂದು ಸಂಘ ಕಟ್ಟಿದರು. ಸದಸ್ಯರಾಗಲು ಸ್ಕೌಟ್ಸ್ ಹಿನ್ನೆಲೆ ಇರಲೇಬೇಕಿತ್ತು. ಅದು ಆಗ ಗಂಡುಮಕ್ಕಳ ಕಾಲೇಜು, ಹಾಗಾಗಿ ಹುಡುಗಿಯರ ಮಾತೇ ಬರಲಿಲ್ಲ.

ಷರತ್ತಿನ ಹಿಂದೆ ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಊರಲ್ಲಿ ಸ್ಕೌಟ್ಸ್ ಪಡೆಯೇ ಇಲ್ಲದ ಹುಡುಗ, ಎಷ್ಟು ಕೆಲಸ ಬೇಕಾದ್ರೂ ಮಾಡ್ತೀನಿ ಅಂದ್ರೂ ಹೊರಗೇ! ಹಾರ್ಟನ್ 1966ರಲ್ಲಿ ತೀರಿಕೊಂಡರು. ಮರುವರ್ಷವೇ ಸಂಘ ಆ ಷರತ್ತು ತೆಗೆಯಿತು. 1976ರ ಸಮಾವೇಶದಲ್ಲಿ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. ನಾಯಕತ್ವ, ಸ್ನೇಹ, ಸೇವೆ ಅನ್ನೋ ತತ್ವಗಳು ಮಾತ್ರ ಹಾಗೇ ಉಳಿದವು.

ಈಗ ನಮ್ಮ ಮನೆ ಕಥೆ. ನಮ್ಮ ಕನ್ನಡ ಸಂಘದ ಫಾರ್ಮ್‌ನಲ್ಲಿ ‘ಶಾಲೆಯಲ್ಲಿ ಪ್ರಥಮ ಭಾಷೆ ಯಾವುದು?’ ಅಂತ ಒಂದು ಪ್ರಶ್ನೆ ಇತ್ತು. ಇಂಗ್ಲಿಷ್ ಮೀಡಿಯಂನಿಂದ ಬಂದ ನಾವು ಕಳೆದ ವರ್ಷ ಅಲ್ಲೇ ಪೆನ್ನು ಹಿಡ್ಕೊಂಡು ಕೂತಿದ್ವಿ, ಒತ್ತಕ್ಷರ ಇವತ್ತಿಗೂ ತಪ್ಪುತ್ತೆ. ಈ ವರ್ಷ ಫಾರ್ಮ್ ಮಾಡೋ ಸರದಿ ನಮ್ಮದು. ಆ ಪ್ರಶ್ನೆ ತೆಗೆದು, ‘ವಾರಕ್ಕೆ ಎಷ್ಟು ಗಂಟೆ ಕೊಡ್ತೀರಿ?’ ಅಂತ ಹಾಕಿದ್ದೇವೆ. ಬನ್ನಿ.