ಗಿಡವನ್ನು ತಕ್ಕಡಿಯಲ್ಲಿಟ್ಟ ಪಾದ್ರಿ: ಸ್ಟೀಫನ್ ಹೇಲ್ಸ್ (1677–1761)



ಕುಂಡದಲ್ಲಿರುವ ಒಂದು ಗಿಡಕ್ಕೆ ದಿನಾ ಒಂದು ಚೊಂಬು ನೀರು ಹಾಕುತ್ತೇವೆ ಅಂದುಕೊಳ್ಳಿ. ಒಂದು ವಾರಕ್ಕೆ ಏಳು ಚೊಂಬು ಆಯಿತು. ಹಾಗಂತ ಗಿಡವೇನು ಏಳು ಚೊಂಬು ನೀರಿನಷ್ಟು ಭಾರ ಆಗಿರುತ್ತದಾ? ಇಲ್ಲ. ಹಾಗಾದರೆ ಆ ನೀರು ಎಲ್ಲಿಗೆ ಹೋಯಿತು? ಸುಮಾರು 300 ವರ್ಷಗಳ ಹಿಂದೆ ಈ ಪ್ರಶ್ನೆಗೆ ತಕ್ಕಡಿ ಹಿಡಿದು ಉತ್ತರ ಹುಡುಕಿದವರು ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್. ಎಲೆಗಳು ನೀರನ್ನು ಆವಿಯಾಗಿ ಹೊರಗೆ ಬಿಡುವುದಕ್ಕೆ ನಾವು ಬಾಷ್ಪವಿಸರ್ಜನೆ ಎನ್ನುತ್ತೇವಲ್ಲ, ಅದನ್ನು ಸರಿಯಾಗಿ ಅಳೆದು ಲೆಕ್ಕ ಬರೆದಿಟ್ಟ ಮಹನೀಯರು ಇವರು.

ಹೇಲ್ಸ್ ಅವರು 1677ನೇ ಇಸವಿ ಸೆಪ್ಟೆಂಬರ್ 17ರಂದು ಕೆಂಟ್ ಪ್ರಾಂತ್ಯದ ಬೀಕ್ಸ್‌ಬೋರ್ನ್ ಎಂಬ ಊರಿನಲ್ಲಿ ಹುಟ್ಟಿದರು. 1696ರಲ್ಲಿ ಕೇಂಬ್ರಿಡ್ಜ್‌ಗೆ ಓದಲು ಹೋದರು. ಓದಿದ್ದು ಪಾದ್ರಿಯಾಗುವುದಕ್ಕೆ. ಆದರೆ ವಿಲಿಯಂ ಸ್ಟೂಕ್ಲಿ ಎಂಬ ಗೆಳೆಯರ ಜೊತೆ ಸುತ್ತಮುತ್ತಲ ಹೊಲ, ಗುಡ್ಡ ತಿರುಗಿ ಗಿಡಗಳನ್ನು ಸಂಗ್ರಹಿಸುತ್ತಿದ್ದರು. ವಿಜ್ಞಾನದ ಹುಚ್ಚು ಹತ್ತಿದ್ದು ಅಲ್ಲೇ. 1709ರಲ್ಲಿ ಥೇಮ್ಸ್ ನದಿಯ ದಡದ ಟೆಡಿಂಗ್‌ಟನ್ ಎಂಬ ಹಳ್ಳಿಗೆ ಪಾದ್ರಿಯಾಗಿ ಬಂದರು. ಸಾಯುವವರೆಗೂ, ಅಂದರೆ 50 ವರ್ಷಕ್ಕೂ ಹೆಚ್ಚು ಕಾಲ, ಅದೇ ಊರಿನ ಪಾದ್ರಿಯಾಗಿದ್ದರು. 1720ರಲ್ಲಿ ಮದುವೆಯಾದರು. ಆದರೆ ಮರುವರ್ಷವೇ ಹೆಂಡತಿ ತೀರಿಕೊಂಡರು. ಮಕ್ಕಳಿರಲಿಲ್ಲ. ಅವರು ಮತ್ತೆ ಮದುವೆಯಾಗಲಿಲ್ಲ.

ಗಿಡಗಳ ಕಡೆ ಅವರ ಗಮನ ಹರಿಯಲು ಒಂದು ದ್ರಾಕ್ಷಿ ಬಳ್ಳಿ ಕಾರಣ. ಅದನ್ನು ಕತ್ತರಿಸಬೇಕಾದ ಕಾಲ ಮೀರಿದ ಮೇಲೆ ಕತ್ತರಿಸಿದ್ದರಿಂದ ಗಾಯದಿಂದ ರಸ ಸೋರುತ್ತಲೇ ಇತ್ತು. ಬಳ್ಳಿ ಸತ್ತುಹೋಗುತ್ತೆ ಎಂದು ಹೆದರಿ, ಹೇಲ್ಸ್ ಅವರು ಪ್ರಾಣಿಯ ಮೂತ್ರಕೋಶದ ತೆಳು ಪೊರೆಯನ್ನು ಗಾಯದ ಮೇಲೆ ಬಿಗಿಯಾಗಿ ಕಟ್ಟಿದರು. ರಸ ನಿಲ್ಲುವುದಿರಲಿ, ಒಳಗಿನ ಒತ್ತಡಕ್ಕೆ ಪೊರೆಯೇ ಉಬ್ಬಿಕೊಂಡಿತು! ಹಾಗಾದರೆ ಈ ಒತ್ತಡ ಎಷ್ಟಿದೆ? ಮುಂದೆ ಅವರು ಬಳ್ಳಿಗೆ ಗಾಜಿನ ಕೊಳವೆಗಳನ್ನು ಒಂದರ ಮೇಲೊಂದು ಜೋಡಿಸಿ ನೋಡಿದರು. ರಸ 21 ಅಡಿ ಎತ್ತರಕ್ಕೆ ಏರಿತು. ಈಗ ಇದನ್ನು ಬೇರೊತ್ತಡ ಎನ್ನುತ್ತಾರೆ.

ಆದರೆ ಬೇರು ತಳ್ಳುವುದೊಂದೇ ಸಾಕಾಗುತ್ತದೆಯೇ? ಅವರು ಸೇಬಿನ ಮರದ ಕೊಂಬೆಗಳನ್ನು ಕತ್ತರಿಸಿ ತಂದರು. ಕೆಲವಕ್ಕೆ ಎಲೆ ಹಾಗೇ ಬಿಟ್ಟರು, ಕೆಲವಕ್ಕೆ ಎಲೆ ಪೂರ್ತಿ ತೆಗೆದರು. ಎಲ್ಲವನ್ನೂ ಅಳತೆಯ ನೀರಿನಲ್ಲಿ ನಿಲ್ಲಿಸಿದರು. ಹಗಲಿನ 12 ಗಂಟೆಯಲ್ಲಿ ಎಲೆ ಇದ್ದ ಕೊಂಬೆಗಳು ತಮ್ಮ ಎಲೆಗಳ ಪ್ರಮಾಣಕ್ಕೆ ತಕ್ಕಂತೆ 15ರಿಂದ 30 ಔನ್ಸ್ ನೀರು ಕುಡಿದವು. ಎಲೆ ಇಲ್ಲದವು ಕುಡಿದದ್ದು ಬರೀ 1 ಔನ್ಸ್! (ಒಂದು ಔನ್ಸ್ ಅಂದರೆ ಸುಮಾರು 28 ಗ್ರಾಂ.) ಇಲ್ಲಿ ಬೇರೇ ಇರಲಿಲ್ಲ ನೋಡಿ. ಅಂದಮೇಲೆ ನೀರನ್ನು ಮೇಲಕ್ಕೆ ಎಳೆಯುವ ದೊಡ್ಡ ಶಕ್ತಿ ಎಲೆಯದೇ.

ಇನ್ನು ಅವರ ಅತ್ಯಂತ ಪ್ರಸಿದ್ಧ ಪ್ರಯೋಗಕ್ಕೆ ಬರೋಣ. 1724ರ ಜುಲೈ 3ರಂದು ಅವರು ಕುಂಡದಲ್ಲಿ ಬೆಳೆದ ಮೂರೂವರೆ ಅಡಿ ಎತ್ತರದ ಒಂದು ಸೂರ್ಯಕಾಂತಿ ಗಿಡವನ್ನು ತೆಗೆದುಕೊಂಡರು. ಮಣ್ಣಿನಿಂದ ನೀರು ಆರಿಹೋಗಬಾರದೆಂದು ಕುಂಡದ ಬಾಯಿಗೆ ತೆಳುವಾದ ಸೀಸದ ತಗಡು ಮುಚ್ಚಿ, ಸಂದುಗಳಿಗೆ ಅಂಟು ಮೆತ್ತಿದರು. ಗಾಳಿಗೆ ಒಂದು ಸಣ್ಣ ಗಾಜಿನ ಕೊಳವೆ, ನೀರು ಹಾಕಲು ಬಿರಡೆ ಇದ್ದ ಇನ್ನೊಂದು ಕೊಳವೆ ಇಟ್ಟರು. ಆಮೇಲೆ ಆಗಸ್ಟ್ 8ರವರೆಗಿನ ಅವಧಿಯಲ್ಲಿ 15 ದಿನ, ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ, ಕುಂಡ ಸಮೇತ ಗಿಡವನ್ನು ತೂಕ ಮಾಡಿದರು.

ಲೆಕ್ಕ ಹೀಗೆ ಬಂತು. ಹಗಲಿನ 12 ಗಂಟೆಯಲ್ಲಿ ಗಿಡ ಸರಾಸರಿ 20 ಔನ್ಸ್, ಅಂದರೆ ಅರ್ಧ ಕಿಲೋಗಿಂತ ಹೆಚ್ಚು ನೀರನ್ನು ಹೊರಗೆ ಬಿಡುತ್ತಿತ್ತು. ಬಿಸಿಲು ಜೋರಾಗಿದ್ದ ಒಣ ದಿನ 30 ಔನ್ಸ್ ಹೋಯಿತು. ಬೆಚ್ಚಗಿನ ಒಣ ರಾತ್ರಿಯಲ್ಲಿ ಬರೀ 3 ಔನ್ಸ್. ಇಬ್ಬನಿ ಬಿದ್ದ ರಾತ್ರಿ ಏನೂ ಇಲ್ಲ. ಮಣ್ಣಿನ ಕುಂಡದ ಮೈಯಿಂದಲೂ ನೀರು ಆರುತ್ತೆ ಅಲ್ವಾ? ಅದನ್ನೂ ಅವರು ಬಿಡಲಿಲ್ಲ. ಕೊನೆಗೆ ಗಿಡವನ್ನು ಕತ್ತರಿಸಿ, ಉಳಿದ ಮೋಟನ್ನು ಮುಚ್ಚಿ, ಬರೀ ಕುಂಡವನ್ನು ತೂಗಿ 12 ಗಂಟೆಗೆ 2 ಔನ್ಸ್ ಎಂದು ಕಂಡುಕೊಂಡು ಲೆಕ್ಕದಿಂದ ಕಳೆದರು. ಎಲೆಗಳನ್ನೆಲ್ಲ ಅಳೆದಾಗ ಒಟ್ಟು 39 ಚದರ ಅಡಿ ಬಂತು. ಗಾತ್ರಕ್ಕೆ ಗಾತ್ರ ಹೋಲಿಸಿದರೆ ಈ ಗಿಡ ಮನುಷ್ಯನಿಗಿಂತ 17 ಪಟ್ಟು ಹೆಚ್ಚು ಆಹಾರರಸ ಎಳೆದುಕೊಳ್ಳುತ್ತೆ ಎಂದು ಲೆಕ್ಕ ಹಾಕಿದರು.

ಎಲೆಕೋಸು, ನಿಂಬೆ ಗಿಡಗಳನ್ನೂ ತೂಗಿದರು. ಹಗಲಿಗೆ ಎಲೆಕೋಸು ಸರಾಸರಿ 19 ಔನ್ಸ್ ಬಿಟ್ಟರೆ ನಿಂಬೆ ಬಿಟ್ಟಿದ್ದು 6 ಔನ್ಸ್ ಮಾತ್ರ. ಎಲ್ಲ ಗಿಡಗಳೂ ಒಂದೇ ರೀತಿ ಖರ್ಚು ಮಾಡುವುದಿಲ್ಲ, ವರ್ಷವಿಡೀ ಹಸಿರಾಗಿರುವ ಗಿಡಗಳು ಕೈ ಬಿಗಿ ಹಿಡಿಯುತ್ತವೆ ಎಂದು ಇದರಿಂದ ತಿಳಿಯಿತು. ಇನ್ನೊಂದು ದೊಡ್ಡ ವಿಷಯವೂ ಇತ್ಯರ್ಥವಾಯಿತು. ನಮ್ಮ ದೇಹದಲ್ಲಿ ರಕ್ತ ಸುತ್ತುವ ಹಾಗೆ ಗಿಡದಲ್ಲಿ ರಸ ಸುತ್ತುತ್ತಿರುತ್ತೆ ಎಂದು ಆಗ ಬಹಳ ಜನ ನಂಬಿದ್ದರು. ಹೇಲ್ಸ್ ಅವರು ಅದನ್ನು ಒಪ್ಪಲಿಲ್ಲ. ಬಂದ ನೀರಿನಲ್ಲಿ ಹೆಚ್ಚಿನ ಪಾಲು ಎಲೆಯಿಂದ ಹೊರಗೇ ಹೋಗುತ್ತಿದೆ ಎಂದು ತಕ್ಕಡಿಯೇ ಹೇಳುತ್ತಿತ್ತು.

ಇದನ್ನೆಲ್ಲ ಅವರು 1727ರಲ್ಲಿ ವೆಜಿಟಬಲ್ ಸ್ಟಾಟಿಕ್ಸ್ ಎಂಬ ಪುಸ್ತಕದಲ್ಲಿ ಪ್ರಕಟಿಸಿದರು. ಅವರು 1718ರಲ್ಲೇ ರಾಯಲ್ ಸೊಸೈಟಿಯ ಸದಸ್ಯರಾಗಿದ್ದರು. ಪುಸ್ತಕ ಅಚ್ಚಾಗಲು ಒಪ್ಪಿಗೆಯ ಸಹಿ ಹಾಕಿದವರು ಯಾರು ಗೊತ್ತಾ? ಆಗ ಆ ಸಂಸ್ಥೆಯ ಅಧ್ಯಕ್ಷರಾಗಿದ್ದ ಐಸಾಕ್ ನ್ಯೂಟನ್!

ಹಗಲಿನಲ್ಲಿ ಅಷ್ಟು ನೀರು, ರಾತ್ರಿ ಇಷ್ಟೇ ಯಾಕೆ? ಇದರ ಪೂರ್ತಿ ಉತ್ತರ ಹೇಲ್ಸ್ ಅವರ ಕಾಲದಲ್ಲಿ ಸಿಗಲಿಲ್ಲ. ಎಲೆಯ ಮೇಲೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತುಗಳಿವೆ. ಇವೇ ಪತ್ರರಂಧ್ರಗಳು. ಒಂದೊಂದು ರಂಧ್ರಕ್ಕೂ ಎರಡು ಕಾವಲು ಕೋಶಗಳು, ಬಾಗಿಲಿನ ಎರಡು ಕದಗಳಿದ್ದ ಹಾಗೆ. ಅವುಗಳೊಳಗೆ ನೀರು ತುಂಬಿದರೆ ಉಬ್ಬಿ ಬಾಗುತ್ತವೆ, ರಂಧ್ರ ತೆರೆಯುತ್ತೆ. ನೀರು ಹೊರಟುಹೋದರೆ ಸಡಿಲವಾಗಿ ರಂಧ್ರ ಮುಚ್ಚುತ್ತೆ. 1856ರಲ್ಲಿ ಜರ್ಮನಿಯ ಹ್ಯೂಗೋ ಫಾನ್ ಮೋಲ್ ಇದನ್ನು ವಿವರಿಸಿದರು. ಪೊಟ್ಯಾಸಿಯಂ ಲವಣ ಒಳಗೆ ಬಂದಾಗ ಅದರ ಹಿಂದೆ ನೀರೂ ಬರುತ್ತೆ ಎಂದು 20ನೇ ಶತಮಾನದಲ್ಲಿ ತಿಳಿಯಿತು. ಹೆಚ್ಚಿನ ಗಿಡಗಳಲ್ಲಿ ಈ ಬಾಗಿಲು ಬೆಳಕಿಗೆ ತೆರೆದು ಕತ್ತಲಿಗೆ ಮುಚ್ಚುತ್ತದೆ. ಮಣ್ಣು ಒಣಗಿದಾಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲ ಎಂಬ ವಸ್ತು ಹೆಚ್ಚಾಗಿ, ಹಗಲಿನಲ್ಲೂ ಬಾಗಿಲು ಮುಚ್ಚಿಸುತ್ತದೆ.

ಹಾಗಾದರೆ ಸದಾ ಮುಚ್ಚಿಕೊಂಡೇ ಇದ್ದರೆ ನೀರು ಉಳಿಯಲ್ವಾ ಎಂದು ನೀವು ಕೇಳಬಹುದು. ನೀರು ಉಳಿಯುತ್ತೆ, ಆದರೆ ಊಟ ಇಲ್ಲ! ಆಹಾರ ತಯಾರಿಸಲು ಬೇಕಾದ ಇಂಗಾಲದ ಡೈ ಆಕ್ಸೈಡ್ ಬರುವುದೂ ಅದೇ ಬಾಗಿಲಿನಿಂದ. ತೆರೆದರೆ ಬಾಯಾರಿಕೆ, ಮುಚ್ಚಿದರೆ ಹಸಿವು. ಅತ್ತ ದರಿ, ಇತ್ತ ಪುಲಿ. ಪ್ರತಿ ಎಲೆಯೂ ದಿನವಿಡೀ ಈ ಎರಡನ್ನೂ ತೂಗಿಸಿಕೊಂಡು ಬದುಕುತ್ತದೆ. ಮಳೆ ಕೈಕೊಟ್ಟ ವರ್ಷ ಬೆಳೆ ಪೂರ್ತಿ ಒಣಗದಿದ್ದರೂ ಇಳುವರಿ ಕಡಿಮೆಯಾಗುವುದಕ್ಕೆ ಇದೂ ಒಂದು ಕಾರಣ.

ಹೇಲ್ಸ್ ಅವರು ಗಿಡಕ್ಕೇ ನಿಲ್ಲಲಿಲ್ಲ. ಕುದುರೆಯ ರಕ್ತದ ಒತ್ತಡವನ್ನು ಮೊದಲು ಅಳೆದವರೂ ಅವರೇ. ಹಡಗು, ಜೈಲು, ಆಸ್ಪತ್ರೆಗಳ ಕೆಟ್ಟ ಗಾಳಿ ಹೊರಹಾಕುವ ಯಂತ್ರಗಳನ್ನು ಮಾಡಿಸಿದರು. 1739ರಲ್ಲಿ ಅವರಿಗೆ ಕಾಪ್ಲಿ ಪದಕ ಬಂತು. 1754ರಲ್ಲಿ ತಮ್ಮ ಹಳ್ಳಿಗೆ ಒಳ್ಳೆಯ ನೀರು ತರಿಸಿದರು. ಆ ನೀರು ಎಷ್ಟು ವೇಗವಾಗಿ ಬರುತ್ತೆ ಎಂದು ಲೋಲಕ ತೂಗಿಬಿಟ್ಟು ಅಳೆದು ಚರ್ಚಿನ ದಾಖಲೆ ಪುಸ್ತಕದಲ್ಲಿ ಬರೆದಿಟ್ಟರು. ಆಗ ಅವರಿಗೆ 76 ದಾಟಿತ್ತು. 1761ರ ಜನವರಿ 4ರಂದು ಟೆಡಿಂಗ್‌ಟನ್‌ನಲ್ಲೇ ತೀರಿಕೊಂಡರು.

ನೀವೂ ಮಾಡಿ ನೋಡಿ: ಬೆಳಿಗ್ಗೆ ಒಂದು ಗಿಡದ ಎಲೆ ಇರುವ ರೆಂಬೆಗೆ ಒಂದು ಒಣ ಪ್ಲಾಸ್ಟಿಕ್ ಚೀಲ, ಎಲೆ ಕಿತ್ತ ರೆಂಬೆಗೆ ಅಂಥದ್ದೇ ಇನ್ನೊಂದು ಚೀಲ ಬಿಗಿಯಾಗಿ ಕಟ್ಟಿ. ಎರಡು ಗಂಟೆ ಬಿಟ್ಟು ನೋಡಿ, ಆಮೇಲೆ ಚೀಲ ಬಿಚ್ಚಿಬಿಡಿ. ರಾತ್ರಿಯೂ ಒಮ್ಮೆ ಮಾಡಿ. ಯಾವ ಚೀಲದಲ್ಲಿ ಎಷ್ಟು ಹನಿ ಕಂಡಿರಿ ಎಂದು ಬರೆದು ವಿಜ್ಞಾನದ ಮೇಷ್ಟ್ರಿಗೆ ತೋರಿಸಿ.